ಸಂಜೆ ಒಂದೇ ಸಲ ತೂಕ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಮಾವನಿಗೆ ಸ್ವಲ್ಪ ರೊಬಸ್ಟಾ ಕಾಫಿ ತೋಟ ಇದೆ. ನಾನು ಮನೆಯಲ್ಲೇ ಕೂತು ಲೆಕ್ಕ ಬರೆಯುತ್ತೇನೆ. ಹಾರ್ಡ್‌ವೇರ್ ಅಂಗಡಿ, ಮೂರ್ನಾಲ್ಕು ಹೋಂಸ್ಟೇ, ಕಾಫಿ ಪುಡಿ ಮಾಡುವ ಸಣ್ಣ ಮಿಲ್ಲು, ಏಲಕ್ಕಿ ಮೆಣಸು ಮಾರುವವರು, ಹೀಗೆ ಒಟ್ಟು ಹದಿನಾಲ್ಕು ಜನರ ಪುಸ್ತಕ ನನ್ನ ಕೈಯಲ್ಲಿದೆ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಒಂದು ತಪ್ಪು ಮಾಡಿದೆ. ಹಾರ್ಡ್‌ವೇರ್ ಅಂಗಡಿಯ ಖರೀದಿ ಬಿಲ್ಲನ್ನು ಹೋಂಸ್ಟೇ ಒಂದರ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ. ಮಾರಿದವರು ತೋರಿಸಿದ ಬಿಲ್‌ಗಳೆಲ್ಲ ಇರುವ, ಪ್ರತಿ ತಿಂಗಳು 14ಕ್ಕೆ ಬರುವ ಜಿಎಸ್‌ಟಿಆರ್-2ಬಿ ಪಟ್ಟಿಯ ಜೊತೆ ತಾಳೆ ನೋಡುವಾಗ ಅದು ಸಿಕ್ಕಿತು. ಹಣ ಹೋಗಲಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜನ ನಂಬಿ ಪುಸ್ತಕ ಕೊಟ್ಟಿದ್ದಾರೆ, ಅಲ್ವಾ?

ಆ ತಪ್ಪು ಆದ ಬೆಳಿಗ್ಗೆಯನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಹಾರ್ಡ್‌ವೇರ್ ಬಿಲ್ ಹಾಕುತ್ತಾ ಇದ್ದೆ. ಹೋಂಸ್ಟೇಯವರು ಫೋನ್ ಮಾಡಿ ಬಾಕಿ ಎಷ್ಟು ಅಂತ ಕೇಳಿದರು. ಅವರ ಲೆಕ್ಕ ತೆರೆದು ಹೇಳಿದೆ. ಅಷ್ಟರಲ್ಲಿ ಇನ್ನೊಬ್ಬರದ್ದು ಓಟಿಪಿ ಬಂತು. ಒಲೆ ಮೇಲೆ ಸಾರು ಉಕ್ಕಿತು. ವಾಪಸ್ ಬಂದು ಕೂತಾಗ ತೆರೆದೇ ಇದ್ದ ಹೋಂಸ್ಟೇ ಲೆಕ್ಕದಲ್ಲಿ ಸಿಮೆಂಟಿನ ಬಿಲ್ ಟೈಪ್ ಮಾಡಿದೆ. ನನಗೆ ಕೆಲಸ ಗೊತ್ತಿರಲಿಲ್ಲ ಅಂತಲ್ಲ. ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಇದ್ದೆ, ಅಷ್ಟೇ.

ಅದೇ ವಾರ ಕಾಫಿ ಕುಯ್ಲು ಜೋರಾಗಿತ್ತು. ಸಂಜೆ ತೂಕದ ಪುಸ್ತಕ ಬರೆಯುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆಯಿಂದ ಎಲ್ಲರೂ ಹಣ್ಣು ಕುಯ್ದು ಚೀಲ ತುಂಬಿ ಇಡುತ್ತಾರೆ. ನಾಲ್ಕರ ಹೊತ್ತಿಗೆ ತಕ್ಕಡಿ ಕಟ್ಟಿ ಒಂದೇ ಸಲ ತೂಗುತ್ತಾರೆ. ಮೇಸ್ತ್ರಿ ಹೆಸರು ಕೂಗುತ್ತಾರೆ, ನಾನು ಕೆ.ಜಿ. ಬರೆಯುತ್ತೇನೆ. ಚೀಲ ತುಂಬಿದಾಗಲೆಲ್ಲ ತಕ್ಕಡಿ ತರಿಸಿದ್ದರೆ ಏನಾಗುತ್ತಿತ್ತು? ಕುಯ್ಯುವವರ ಕೈ ನಿಲ್ಲುತ್ತಿತ್ತು, ಮೇಸ್ತ್ರಿ ಇಡೀ ದಿನ ಓಡಾಡುತ್ತಿದ್ದರು, ಲೆಕ್ಕವೂ ತಪ್ಪುತ್ತಿತ್ತು. ನಾನು ನನ್ನ ಮೇಜಿನಲ್ಲಿ ಮಾಡುತ್ತಿದ್ದದ್ದು ಅದನ್ನೇ. ಒಬ್ಬರ ಚೀಲ ತುಂಬಿದ ಕೂಡಲೇ ತಕ್ಕಡಿ ತರಿಸುವುದು.

ಫೆಬ್ರವರಿಯಿಂದ ಬದಲಾಯಿಸಿದೆ. ಮೊದಲು ಮಾಡಿದ ಪ್ರಯತ್ನ ಕೈಕೊಟ್ಟಿತು. ಹದಿನಾಲ್ಕೂ ಜನರ ಮಾರಾಟದ ಬಿಲ್‌ಗಳನ್ನು ಒಂದೇ ದಿನ ಮುಗಿಸೋಣ ಅಂತ ಕೂತೆ. ನಾಲ್ಕು ಗಂಟೆ ಎದ್ದೇಳಲಿಲ್ಲ. ಕೊನೆಗೆ ಪರೀಕ್ಷೆ ಮಾಡಿದರೆ ಮೂರು ತಪ್ಪು, ಮೂರೂ ಕೊನೆಯ ಗಂಟೆಯದ್ದು. ಒಂದೇ ಥರದ ಕೆಲಸ ಸೇರಿಸಿದರೆ ಕೈ ಓಡುತ್ತದೆ ನಿಜ, ಆದರೆ ಜಾಸ್ತಿ ಹೊತ್ತಾದರೆ ಕಣ್ಣು ಮಂಕಾಗುತ್ತದೆ. ಈಗ ಒಂದು ಸಲಕ್ಕೆ ನಾಲ್ಕೇ ಜನರದ್ದು, ಒಂದೂವರೆ ಗಂಟೆ. ಒಬ್ಬರ ಲೆಕ್ಕ ಮುಚ್ಚಿ, ಅವರ ಫೈಲನ್ನು ಎಡಗಡೆಗೆ ಇಟ್ಟ ಮೇಲೆಯೇ ಮುಂದಿನವರದ್ದು ತೆರೆಯುವುದು. ಪರದೆಯಲ್ಲಿ ಎರಡು ಲೆಕ್ಕ ಒಟ್ಟಿಗೆ ತೆರೆದಿರಲೇಬಾರದು. ಈ ಒಂದು ನಿಯಮ ಇಲ್ಲದಿದ್ದರೆ ಕೆಲಸ ಸೇರಿಸುವುದರಿಂದ ಅಪಾಯವೇ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ.

ತಿಂಗಳನ್ನೂ ಹಾಗೇ ಭಾಗ ಮಾಡಿಕೊಂಡೆ. ಮೊದಲು ಒಬ್ಬೊಬ್ಬರದ್ದೇ ಲೆಕ್ಕವನ್ನು ಶುರುವಿಂದ ಕೊನೆವರೆಗೆ ಮಾಡುತ್ತಿದ್ದೆ. ಈಗ ಕೆಲಸದ ಹಂತ ನೋಡಿ ಮಾಡುತ್ತೇನೆ. ಮೊದಲ ನಾಲ್ಕು ದಿನ ಮಾರಾಟದ ಬಿಲ್, ಯಾಕೆಂದರೆ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ಕ್ಕೆ 11 ಕೊನೆಯ ದಿನ. ಐದು, ಆರನೇ ತಾರೀಕು ಸಂಬಳದ ಲೆಕ್ಕ. ಸಂಬಳದಲ್ಲಿ ಹಿಡಿದ ತೆರಿಗೆ (ಟಿಡಿಎಸ್) ಕಟ್ಟಲು 7 ಕೊನೆಯ ದಿನ, ಕೆಲಸದವರ ಭವಿಷ್ಯನಿಧಿ ಪಿಎಫ್, ವಿಮೆ ಇಎಸ್‌ಐಗೆ 15. ಮೊದಲು ಇವನ್ನು ಬೇರೆ ಬೇರೆ ವಾರ ಮಾಡುತ್ತಿದ್ದೆ. ಮೂರೂ ಹುಟ್ಟುವುದು ಅದೇ ಸಂಬಳದ ಹಾಳೆಯಿಂದ. ಹಾಳೆ ಒಂದು ಸಲ ಎದುರಿಗೆ ಬಂದಾಗ ಮೂರನ್ನೂ ಮುಗಿಸಿದರೆ ಮತ್ತೆ ಅದನ್ನು ಮುಟ್ಟಬೇಕಾಗಿಲ್ಲ. ಹನ್ನೆರಡು, ಹದಿಮೂರು ಖರೀದಿ ಬಿಲ್. 14ಕ್ಕೆ 2ಬಿ ಬಂದ ಮೇಲೆ ಎರಡು ದಿನ ಬರೀ ತಾಳೆ. ತಿಂಗಳ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ಸಲ್ಲಿಸಲು 20ರವರೆಗೆ ಅವಕಾಶ ಇದ್ದರೂ ನಾನು 18ಕ್ಕೇ ಮುಗಿಸುತ್ತೇನೆ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಅದೂ ನನ್ನನ್ನು ನಂಬಿದವರ ಜೇಬಿನಿಂದ.

ಎಲ್ಲಕ್ಕಿಂತ ಕಷ್ಟ ಆದದ್ದು ಫೋನ್. ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆ, ಸಂಜೆ ಐದರಿಂದ ಆರು, ಈ ಎರಡು ಹೊತ್ತು ಮಾತ್ರ ಮಾತಾಡುತ್ತೇನೆ ಅಂತ ಎಲ್ಲರಿಗೂ ಸಂದೇಶ ಕಳಿಸಿದೆ. ಹತ್ತು ವರ್ಷದಿಂದ ನನ್ನ ಹತ್ತಿರ ಬರುವ ಹಿರಿಯರೊಬ್ಬರು ಬೇಜಾರು ಮಾಡಿಕೊಂಡರು. "ಏನಮ್ಮ, ಈಗ ನಿಮ್ಮ ಹತ್ತಿರ ಮಾತಾಡೋಕೂ ಟೈಮ್ ಕೇಳಬೇಕಾ?" ಅಂದರು. ಅವರ ಅಂಗಡಿಗೇ ಹೋಗಿ, ಆ ಸಿಮೆಂಟ್ ಬಿಲ್ಲಿನ ಕಥೆಯನ್ನು ಪೂರ್ತಿ ಹೇಳಿದೆ. "ನಿಮ್ಮ ಪುಸ್ತಕ ತೆರೆದಿರುವಾಗಲೂ ನಾನು ಬೇರೆಯವರ ಫೋನ್ ತೆಗೆಯುವುದಿಲ್ಲ ಸಾರ್" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸರಿ" ಅಂದರು. ಬರೀ ಸಂದೇಶ ಕಳಿಸಿದ್ದೇ ತಪ್ಪಾಯಿತು. ನಮ್ಮ ಕಡೆ ಇಂಥದ್ದನ್ನು ಎದುರು ಕೂತು ಹೇಳಬೇಕು. ತುರ್ತು ಇದ್ದರೆ ಬೆನ್ನಿಗೆ ಬೆನ್ನಿಗೆ ಎರಡು ಸಲ ಫೋನ್ ಮಾಡಿ ಅಂದಿದ್ದೇನೆ. ಇಲಾಖೆಯಿಂದ ನೋಟಿಸ್ ಬಂದು ಗಾಬರಿಯಾದವರನ್ನು ಸಂಜೆವರೆಗೆ ಕಾಯಿಸುವುದು ಸರಿಯಲ್ಲ.

ಮಧ್ಯೆ ಎದ್ದೇಳಲೇಬೇಕಾದಾಗ ಇನ್ನೊಂದು ಅಭ್ಯಾಸ ತುಂಬಾ ಸಹಾಯ ಮಾಡಿದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಮುಗಿಯದ ಕೆಲಸ ಬಿಟ್ಟು ಬೇರೆಯದಕ್ಕೆ ಹೋದರೆ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಅನ್ನುವುದು ಅದರ ಸಾರ. ಎಲ್ಲಿಗೆ ನಿಲ್ಲಿಸಿದೆ, ವಾಪಸ್ ಬಂದು ಏನು ಮಾಡಬೇಕು ಅಂತ ಬರೆದಿಟ್ಟು ಹೋದರೆ ಮನಸ್ಸು ಬೇಗ ಬಿಡುತ್ತದೆ ಅಂತ ಮುಂದಿನ ಅಧ್ಯಯನದಲ್ಲಿ ಅವರು ತೋರಿಸಿದರು. ಈಗ ಏಳುವ ಮೊದಲು ಒಂದು ಸಾಲು ಬರೆಯುತ್ತೇನೆ: "ಮಿಲ್ಲು, ಬಿಲ್ 46 ಆಯಿತು, 47ರಿಂದ." ಹತ್ತು ಸೆಕೆಂಡು ಸಾಕು.

ಪೇಟೆಯ ಕೆಲಸ ಸುಲಭವಾಗಿ ಸೇರಿತು. ಮೊದಲು ವಾರಕ್ಕೆ ಮೂರು ಸಲ ಮಡಿಕೇರಿಗೆ ಓಡುತ್ತಿದ್ದೆ. ಈಗ ಶುಕ್ರವಾರ ಮಾತ್ರ. ಬ್ಯಾಂಕು, ಅಂಚೆ, ಸಹಿ ಹಾಕಿಸುವುದು, ಕೊನೆಗೆ ಸಂತೆಯಲ್ಲಿ ತರಕಾರಿ. ಶನಿವಾರ, ಭಾನುವಾರ ಪ್ರವಾಸಿಗರ ವಾಹನಗಳ ಮಧ್ಯೆ ಸಿಕ್ಕಿಕೊಳ್ಳುವುದೂ ತಪ್ಪಿತು.

ಜೂನ್ ಬಂತು ಅಂದರೆ ಲೆಕ್ಕವೇ ಬೇರೆ. ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನವಾದರೂ ಬರದೇ ಇರಬಹುದು. ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಆಗ ಕೆಲಸದ ಹಂತ ನೋಡುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಮಳೆಗಾಲಕ್ಕೆ ಬೇರೆಯೇ ಎರಡು ಪಟ್ಟಿ ಗೋಡೆಗೆ ಅಂಟಿಸಿದ್ದೇನೆ: ಕರೆಂಟ್ ಬೇಕಾದ್ದು, ಕರೆಂಟ್ ಬೇಡದ್ದು. ಕರೆಂಟ್ ಬಂದ ಕೂಡಲೇ ಆನ್‌ಲೈನ್ ಸಲ್ಲಿಕೆ, ಹಣ ಕಟ್ಟುವುದು, ಸ್ಕ್ಯಾನ್ ಮಾಡುವುದು ಒಂದರ ಹಿಂದೆ ಒಂದು. ಹೋದಾಗ ಕಿಟಕಿ ಪಕ್ಕ ಕೂತು ಬಿಲ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಪಂಚ್ ಮಾಡುವುದು, ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು. ಕಳೆದ ಜುಲೈಯಲ್ಲಿ 16ಕ್ಕೇ ಎಲ್ಲ ಸಲ್ಲಿಸಿ ಮುಗಿಸಿದ್ದೆ. 18, 19 ಎರಡೂ ದಿನ ನಮ್ಮಲ್ಲಿ ದೀಪ ಇರಲಿಲ್ಲ.

ಎಲ್ಲವನ್ನೂ ಹೀಗೆ ಕಟ್ಟಿಡಲು ಆಗುವುದಿಲ್ಲ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಮೋಡ ಕವಿದರೆ ಲ್ಯಾಪ್‌ಟಾಪ್ ಹಾಗೇ ಬಿಟ್ಟು ಟಾರ್ಪಾಲ್ ಎಳೆಯಲು ಓಡುತ್ತೇನೆ. ಮನೆಯವರೆಲ್ಲ ಓಡುವಾಗ ನಾನೊಬ್ಬಳು ಕೂರುವುದು ಹೇಗೆ?

ಮಾವನ ತೂಕದ ಪುಸ್ತಕವನ್ನೂ ವಾರಕ್ಕೊಮ್ಮೆ, ಬಟವಾಡೆಯ ಹಿಂದಿನ ದಿನ ಕೂಡಿಸೋಣ ಅಂತ ಒಂದು ಸಲ ಹೇಳಿದ್ದೆ. ಎರಡು ವಾರ ಹಾಗೇ ಮಾಡಿದೆವು. ಎರಡನೇ ವಾರ ಒಬ್ಬ ಹೆಂಗಸು "ಅಕ್ಕ, ಸೋಮವಾರ ನಂದು 92 ಇತ್ತು, ನೀವು 72 ಬರೆದಿದ್ದೀರಿ" ಅಂದಳು. ಐದು ದಿನ ಕಳೆದಿತ್ತು. ಮೇಸ್ತ್ರಿಗೂ ನೆನಪಿಲ್ಲ, ನನಗೂ ನೆನಪಿಲ್ಲ. 92ಕ್ಕೇ ಕೂಲಿ ಕೊಟ್ಟೆವು. ಅವತ್ತಿನಿಂದ ತೂಕ ಮುಗಿದ ಮೇಲೆ ತಕ್ಕಡಿ ಬಿಚ್ಚುವ ಮೊದಲೇ ಪ್ರತಿಯೊಬ್ಬರ ಕೆ.ಜಿ. ಜೋರಾಗಿ ಓದಿ ಹೇಳುತ್ತೇನೆ. ಅವರು ಹೂಂ ಅಂದ ಮೇಲೆ ಕೂಡಿಸಿ, ಅಲ್ಲೇ ಕಣದ ಅಂಚಿನಲ್ಲಿ ಕೂತು, ಕತ್ತಲಾಗುವ ಮೊದಲು ಮಾವನಿಗೆ ಪುಸ್ತಕ ಕೊಡುತ್ತೇನೆ.