ಜಾವಾ ಗಾಡಿಗೆ ಹೊಸ ಗುರುತಿನ ಫಲಕ: ನನ್ನ ಅನುಭವ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ ಜಾವಾ 250 ಗಾಡಿಯೊಂದನ್ನು ಮತ್ತೆ ಮೊದಲಿನ ಸ್ಥಿತಿಗೆ ತರಲು ಕೈಗೆತ್ತಿಕೊಂಡಾಗ, ಅದರ ಚಾಸಿಯ ಮುಂಭಾಗದ ಕೊಳವೆಯ ಮೇಲೆ ಚಾಸಿ, ಎಂಜಿನ್ ಸಂಖ್ಯೆಗಳನ್ನು ಹೊತ್ತ ಗುರುತಿನ ಫಲಕ ಇರಬೇಕಾದ ಜಾಗದಲ್ಲಿ ಬಣ್ಣ ತುಂಬಿಕೊಂಡ ರಿವೆಟ್ ತೂತುಗಳಷ್ಟೇ ಉಳಿದಿದ್ದವು. ಹಿಂದಿನ ಯಾರೋ ಬಣ್ಣ ಹೊಡೆಸುವಾಗ ಫಲಕವನ್ನು ಕಿತ್ತು, ಮರಳಿ ಹಾಕದೆ ಬಿಟ್ಟಿರಬೇಕು. ಹಳೆಯ ಜಾವಾ, ಯೆಜ್ಡಿಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಆ ಕಾರ್ಖಾನೆ 1996ರಲ್ಲಿಯೇ ಮುಚ್ಚಿರುವುದರಿಂದ ಅಲ್ಲಿಂದ ಹೊಸ ಫಲಕ ತರಿಸುವ ದಾರಿಯೂ ಇರಲಿಲ್ಲ.

ಕೆಲಸಕ್ಕೆ ಇಳಿಯುವ ಮೊದಲೇ ಒಂದು ವಿಷಯದಲ್ಲಿ ನಾನು ದೃಢವಾಗಿದ್ದೆ. ಗಾಡಿಯ ನಿಜವಾದ ಗುರುತು ಚಾಸಿಯ ಉಕ್ಕಿನಲ್ಲಿಯೂ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರಕವಚ) ಮೇಲೆಯೂ ಒತ್ತಿರುವ ಸಂಖ್ಯೆಗಳೇ ಹೊರತು ಫಲಕವಲ್ಲ. ಫಲಕ ಆ ಸಂಖ್ಯೆಗಳ ಪ್ರತಿ ಮಾತ್ರ. ಆದ್ದರಿಂದ ಹೊಸ ಫಲಕದಲ್ಲಿ ಬರುವ ಪ್ರತಿಯೊಂದು ಅಂಕಿಯೂ ಲೋಹದಿಂದ ಬಂದಿರಬೇಕು, ಆರ್‌ಸಿಯೊಂದಿಗೆ ತಾಳೆಯಾಗಬೇಕು. ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಸಿಗುವ ಖಾಲಿ ಫಲಕ ತಂದು ಮಾರಿದವರು ಹೇಳಿದ ಸಂಖ್ಯೆಯನ್ನು ಅದರ ಮೇಲೆ ಒತ್ತಿಸುವುದು, ಅಥವಾ ಮಸುಕಾದ ಚಾಸಿ ಸಂಖ್ಯೆಯನ್ನು ‘ಸ್ಪಷ್ಟಗೊಳಿಸಲು’ ಉಕ್ಕಿನ ಮೇಲೆಯೇ ಮತ್ತೆ ಪಂಚ್ ಹೊಡೆಯುವುದು, ಎರಡೂ ಗಾಡಿಯ ಪ್ರಾಮಾಣಿಕತೆಯನ್ನು ಹಾಳುಮಾಡುತ್ತವೆ. ಎರಡನೆಯದಂತೂ ಗಾಡಿಯನ್ನು ಕಳವಿನ ಮಾಲೆಂಬ ಅನುಮಾನಕ್ಕೆ ಗುರಿಮಾಡುತ್ತದೆ.

ಹಾಗಾಗಿ ಸಂಖ್ಯೆಯನ್ನು ಓದುವುದಕ್ಕೇ ಹೆಚ್ಚು ತಾಳ್ಮೆ ಮೀಸಲಿಟ್ಟೆ. ಪದರ ಪದರವಾಗಿ ಕೂತಿದ್ದ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಮೆತ್ತಗಾಗಿಸಿ, ಮರದ ಕಡ್ಡಿಯಿಂದಲೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದಲೂ ತೆಗೆದೆ. ಗ್ರೈಂಡರ್, ತಂತಿ ಬ್ರಷ್, ಒರಟು ಮರಳು ಕಾಗದ ಯಾವುದನ್ನೂ ಆ ಜಾಗಕ್ಕೆ ತಾಕಿಸಲಿಲ್ಲ. ಚಾಸಿಯನ್ನು ಮರಳು ಊದಿಸಲು ಕಳುಹಿಸುವವರು ಸಂಖ್ಯೆ ಇರುವ ಭಾಗಕ್ಕೆ ದಪ್ಪ ರಬ್ಬರ್ ಪಟ್ಟಿ ಸುತ್ತಿ, ಅದನ್ನು ಮುಟ್ಟಬಾರದೆಂದು ಚೀಟಿ ಬರೆದು ಅಂಟಿಸಿ ಕಳುಹಿಸುವುದು ಒಳ್ಳೆಯದು. ಮರಳಿನ ಹೊಡೆತಕ್ಕೆ ತೆಳುವಾಗಿ ಒತ್ತಿದ ಅಂಕಿಗಳು ಸವೆದುಹೋಗುತ್ತವೆ. ಲೋಹ ಬರಿದಾದ ಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಅಂಕಿಗಳ ಅಂಚು ನೆರಳಿನಲ್ಲಿ ಎದ್ದು ಕಾಣುತ್ತದೆ. 3 ಮತ್ತು 8, 1 ಮತ್ತು 7ರ ನಡುವೆ ಸಂಶಯ ಬಂದಾಗ ಸೀಮೆಸುಣ್ಣದ ಪುಡಿ ಉಜ್ಜಿ ಬೇರೆ ಬೇರೆ ಕೋನಗಳಿಂದ ಫೋಟೊ ತೆಗೆದೆ. ಕೊನೆಗೆ ಆರ್‌ಟಿಒ ಕೆಲಸಕ್ಕೆ ಮಾಡುವ ರೀತಿಯಲ್ಲಿಯೇ ಪೆನ್ಸಿಲ್ ಉಜ್ಜಿ, ಪಾರದರ್ಶಕ ಟೇಪಿನಲ್ಲಿ ಪ್ರಿಂಟ್ ಎತ್ತಿ, ಅದನ್ನು ಕಾಗದಕ್ಕೆ ಅಂಟಿಸಿ ಆರ್‌ಸಿಯ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೋಲಿಸಿದೆ. ಎಂಜಿನ್ ಸಂಖ್ಯೆಗೂ ಇದೇ ಕ್ರಮ. ಇವು ತಾಳೆಯಾಗದಿದ್ದರೆ ಫಲಕದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ದಾಖಲೆಯನ್ನು ಸರಿಪಡಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಫಲಕದ ನಮೂನೆಗಾಗಿ ಜುಲೈ ತಿಂಗಳ ಎರಡನೇ ಭಾನುವಾರ ನಡೆಯುವ ಜಾವಾ-ಯೆಜ್ಡಿ ದಿನದ ಕೂಟ ನೆರವಾಯಿತು. ಅಲ್ಲಿಗೆ ಬಂದಿದ್ದ ಅದೇ ಕಾಲದ ಗಾಡಿಗಳಲ್ಲಿ ಮೂಲ ಫಲಕ ಉಳಿದಿದ್ದವನ್ನು ಹುಡುಕಿ, ಮಾಲೀಕರ ಅನುಮತಿ ಪಡೆದು ಫಲಕದ ಉದ್ದಗಲ, ಅಂಚಿನ ಗೆರೆ, ಅಕ್ಷರಗಳ ದಪ್ಪ ಮತ್ತು ತೂತುಗಳ ಅಂತರವನ್ನು ವರ್ನಿಯರ್‌ನಿಂದ ಅಳೆದುಕೊಂಡೆ. ಅವರ ಗಾಡಿಯ ಸಂಖ್ಯೆಗಳನ್ನು ಫೋಟೊದಲ್ಲಿ ಮರೆಮಾಡಿಯೇ ತೆಗೆದೆ. ಇನ್ನೊಬ್ಬರ ಚಾಸಿ ಸಂಖ್ಯೆ ಊರೆಲ್ಲ ಹರಡುವುದು ಸರಿಯಲ್ಲ. 1973ರ ನಂತರ ಗಾಡಿಗಳು ಯೆಜ್ಡಿ ಹೆಸರಿನಲ್ಲಿ ಬಂದವಾದ್ದರಿಂದ, ಆ ಕಾಲದ ಫಲಕವನ್ನು ನೋಡಿ ಜಾವಾಕ್ಕೆ ಮಾಡಿಸಿದರೆ ತಪ್ಪಾಗುತ್ತದೆ.

ಅಕ್ಷರಗಳನ್ನು ಲೇಸರ್‌ನಿಂದ ಕೊರೆಸುವುದು ಸುಲಭ. ಆದರೆ ಆ ಗೆರೆಗಳು ಅತಿ ಚೂಪಾಗಿದ್ದು, ಹಳೆಯ ಫಲಕದ ಮೃದುವಾದ ಅಂಚು ಅವುಗಳಲ್ಲಿ ಬರುವುದಿಲ್ಲ. ನಾನು ರಾಸಾಯನಿಕ ಎಚಿಂಗ್, ಅಂದರೆ ದ್ರಾವಣದಿಂದ ಲೋಹವನ್ನು ಕೊರೆಯುವ ವಿಧಾನವನ್ನು ಆರಿಸಿಕೊಂಡೆ. ನಮೂನೆಯನ್ನು ಕಂಪ್ಯೂಟರ್‌ನಲ್ಲಿ ಬರೆಸಿ, ಟ್ರೋಫಿ ಮತ್ತು ನಾಮಫಲಕ ಮಾಡುವ ಅಂಗಡಿಯಲ್ಲಿ ತೆಳು ತಗಡಿನ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿಸಿ ಮೂಡಿಸಿದೆ. ಹಿತ್ತಾಳೆಯಾದರೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ನಿಧಾನವಾಗಿ, ಸಮನಾಗಿ ಕೊರೆಯುತ್ತದೆ. ಅಲ್ಯೂಮಿನಿಯಂ ಅದೇ ದ್ರಾವಣದಲ್ಲಿ ತೀವ್ರವಾಗಿ ಕುದಿಯುವಷ್ಟು ಬಿಸಿಯಾಗುವುದರಿಂದ ಅದನ್ನು ಮನೆಯಲ್ಲಿ ಪ್ರಯತ್ನಿಸದೆ ಅನುಭವಿಗಳಿಗೆ ಒಪ್ಪಿಸುವುದು ಕ್ಷೇಮ. ನಾನು ಅಳತೆ ತೆಗೆದುಕೊಂಡ ಫಲಕ ಅಲ್ಯೂಮಿನಿಯಂನದಾಗಿದ್ದರಿಂದ ನಾನೂ ಹಾಗೆಯೇ ಮಾಡಿದೆ.

ಸಂಖ್ಯೆಗಳನ್ನು ಮಾತ್ರ ಎಚಿಂಗ್‌ನಲ್ಲಿ ಸೇರಿಸದೆ ಕೈಯಿಂದ ಒತ್ತಿದೆ. ನಾನು ನೋಡಿದ ಮೂಲ ಫಲಕಗಳಲ್ಲಿ ಅಂಕಿಗಳು ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಂತಿರಲಿಲ್ಲ. ಒಂದು ತುಸು ಮೇಲೆ, ಇನ್ನೊಂದು ತುಸು ಓರೆ. ಆ ಕಾರ್ಮಿಕರ ಕೈಯ ಗುರುತು ಅದು. ತಗಡನ್ನು ಸಮತಟ್ಟಾದ ಉಕ್ಕಿನ ದಿಮ್ಮಿಯ ಮೇಲಿಟ್ಟು, ಅಂಕಿಗಳ ತಳಕ್ಕೆ ಆಧಾರವಾಗಿ ಸ್ಕೇಲನ್ನು ಬಿಗಿದು, ಪ್ರತಿ ಅಂಕಿಗೆ ಒಂದೇ ಏಟು ಹಾಕಬೇಕು. ಎರಡನೇ ಏಟು ಬಿದ್ದರೆ ಅಂಕಿ ಜೋಡಿಯಾಗಿ ಕಾಣುತ್ತದೆ. ಮೊದಲು ಅದೇ ದಪ್ಪದ ಚೂರು ತಗಡಿನ ಮೇಲೆ ಕೈ ಪಳಗಿಸಿಕೊಳ್ಳುವುದು ಅಗತ್ಯ, ಏಕೆಂದರೆ 1ಕ್ಕೆ ಬೇಕಾದ ಬಲ 8ಕ್ಕೆ ಸಾಲದು. ತಯಾರಿಕೆಯ ವರ್ಷದ ಬಗ್ಗೆ ಆರ್‌ಸಿಯಲ್ಲಿದ್ದ ನೋಂದಣಿ ವರ್ಷವನ್ನು ಬಿಟ್ಟರೆ ನನ್ನ ಬಳಿ ಬೇರೆ ಆಧಾರವಿರಲಿಲ್ಲ. ನೋಂದಣಿ ತಯಾರಿಕೆಯ ಮರುವರ್ಷವೂ ಆಗಿರಬಹುದಾದ್ದರಿಂದ ಊಹಿಸಿ ಬರೆಯದೆ ಆ ಜಾಗವನ್ನು ಖಾಲಿ ಬಿಟ್ಟೆ. ಫಲಕದ ಹಿಂಬದಿಯಲ್ಲಿ ಅದು ಮರುತಯಾರಿಯೆಂದೂ ತಯಾರಿಸಿದ ವರ್ಷವನ್ನೂ ಸಣ್ಣ ಅಕ್ಷರಗಳಲ್ಲಿ ಕೊರೆದೆ.

ಫಲಕವನ್ನು ಕೊಳವೆಯ ಬಾಗಿಗೆ ಹೊಂದಿಸುವ ಕೆಲಸ ಒತ್ತಿದ ನಂತರವೇ ಆಗಬೇಕು. ಕೊಳವೆಗಿಂತ ತುಸು ಸಣ್ಣ ವ್ಯಾಸದ ಪೈಪಿನ ಮೇಲಿಟ್ಟು ಹೆಬ್ಬೆರಳಿನಿಂದ ಬಗ್ಗಿಸಿದರೆ, ತಗಡು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಂಡು ಸರಿಯಾದ ಬಾಗಿಗೆ ನಿಲ್ಲುತ್ತದೆ.

ಜೋಡಿಸಲು ಪಾಪ್ ರಿವೆಟ್ ಬಳಸಲಿಲ್ಲ. ನಡುವೆ ತೂತಿರುವ ಅದರ ತಲೆ ಹಳೆಯ ಗಾಡಿಗೆ ಹೊಂದುವುದಿಲ್ಲ. ಕಾಲಿನ ಸುತ್ತ ಸುರುಳಿ ಗೆರೆಗಳಿದ್ದು, ಸುತ್ತಿಗೆಯ ಏಟಿಗೆ ತಿರುಗುತ್ತ ಒಳಗಿಳಿಯುವ ಗುಂಡು ತಲೆಯ ರಿವೆಟ್‌ಗಳು ಸಿಗುತ್ತವೆ. ಇಲ್ಲಿ ಅತಿ ಮುಖ್ಯವಾದದ್ದು ಅವುಗಳ ಉದ್ದ. ಆ ಕೊಳವೆಯೊಳಗೆ ಹ್ಯಾಂಡಲ್‌ನ ದಂಡ ತಿರುಗುತ್ತದೆ. ರಿವೆಟ್‌ನ ತುದಿ ಒಳಗೆ ಚಾಚಿಕೊಂಡು ದಂಡಕ್ಕೆ ಉಜ್ಜಿದರೆ ಹ್ಯಾಂಡಲ್ ತಿರುಗುವುದಕ್ಕೆ ತಡೆಯಾಗುತ್ತದೆ. ಆದ್ದರಿಂದ ಕೊಳವೆಯ ದಪ್ಪ ಅಳೆದು, ಅದನ್ನು ದಾಟದಂತೆ ಕಾಲನ್ನು ಅರದಿಂದ ಮೊಟಕುಗೊಳಿಸಿದೆ. ಫೋರ್ಕ್ ಬಿಚ್ಚಿಟ್ಟಾಗಲೇ ಹಳೆಯ ರಿವೆಟ್‌ನ ತುಂಡುಗಳನ್ನು ಒಳಕ್ಕೆ ತಳ್ಳಿ ಹೊರತೆಗೆದು, ಕೊಳವೆಯನ್ನು ಚೆನ್ನಾಗಿ ಒರೆಸಿದೆ. ಅಲ್ಲಿನ ಬೇರಿಂಗ್‌ನಲ್ಲಿ ಬಿಡಿ ಗುಂಡುಗಳಿರುವುದರಿಂದ ಒಂದು ಲೋಹದ ಚೂರು ಸೇರಿದರೂ ಅವು ಓಡುವ ಬಟ್ಟಲು ಗೀರಿಹೋಗುತ್ತದೆ. ಬಣ್ಣ ಹೊಡೆಯುವಾಗ ತೂತುಗಳಿಗೆ ಮರದ ಚಿಕ್ಕ ಬೆಣೆ ತುರುಕಿದ್ದೆ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಫಲಕದ ಬೆನ್ನಿಗೆ ತೆಳುವಾಗಿ ಮೇಣ ಸವರಿ, ಚಾಸಿಯನ್ನು ಕಂಬಳಿಯ ಮೇಲೆ ಮಲಗಿಸಿ ರಿವೆಟ್ ಹೊಡೆದೆ. ಮೇಣವಿದ್ದರೆ ಹಿಂದೆ ನೀರು ನಿಂತು ತುಕ್ಕು ಹಿಡಿಯುವುದಿಲ್ಲ.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಐವತ್ತು ವರ್ಷ ದಾಟಿದ, ಚಾಸಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಅಂಥ ತಪಾಸಣೆಯಲ್ಲಿ ಮರುತಯಾರಿಯ ಫಲಕವನ್ನು ಮೂಲದ್ದೆಂದು ತೋರಿಸಬಾರದು. ಅದಕ್ಕಾಗಿಯೇ ಬರಿ ಲೋಹದ ಫೋಟೊಗಳು, ಪೆನ್ಸಿಲ್ ಪ್ರಿಂಟ್‌ಗಳು, ಫಲಕದ ಹಿಂಬದಿಯ ಚಿತ್ರ ಮತ್ತು ಅಂಗಡಿಯ ರಸೀದಿಯನ್ನು ಒಂದು ಫೈಲಿನಲ್ಲಿ ಸೇರಿಸಿ ಆರ್‌ಸಿಯ ಜೊತೆಗಿಟ್ಟಿದ್ದೇನೆ. ಗಾಡಿ ಮುಂದೆ ಯಾರ ಕೈಗೆ ಹೋದರೂ ಆ ಫೈಲೂ ಅದರೊಂದಿಗೇ ಹೋಗಬೇಕೆಂದು ಮನೆಯವರಿಗೆ ತಿಳಿಸಿದ್ದೇನೆ.