ಹೊಸ ಫ್ರಿಜ್ ಕೆಟ್ಟಿದೆಯಾ? ಓಟಿಪಿ ಹೇಳುವ ಮುಂಚೆ ಇದನ್ನು ಓದಿ

ಬೆಂಗಳೂರಿನ ವಿಜಯನಗರದ ನಮ್ಮ ಮನೆಗೆ ಹೊಸ ಫ್ರಿಜ್ ಬಂದು ಮೂರೇ ವಾರ ಆಗಿತ್ತು. ರಾತ್ರಿ ಒಳಗಿಟ್ಟ ನಂದಿನಿ ಹಾಲು ಬೆಳಗ್ಗೆ ಕಾಯಿಸಿದರೆ ಒಡೆದುಹೋಗುತ್ತಿತ್ತು, ದೋಸೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಎತ್ತುತ್ತಿತ್ತು. ಟೆಕ್ನೀಷಿಯನ್ ಬಂದರು, ಹಿಂದೆ ಮುಂದೆ ನೋಡಿದರು, 'ಎಲ್ಲ ಸರಿ ಇದೆ, ವೋಲ್ಟೇಜ್ ಪ್ರಾಬ್ಲಂ ಇರಬೇಕು, ಮೊಬೈಲ್‌ಗೆ ಒಂದು ಓಟಿಪಿ ಬಂದಿರುತ್ತೆ ಹೇಳಿಬಿಡಿ ಅಮ್ಮ' ಅಂದರು. ಅಮ್ಮ ಹೇಳಿಬಿಟ್ಟರು. ಅಷ್ಟೇ, ಕಂಪನಿಯ ಲೆಕ್ಕದಲ್ಲಿ ನಮ್ಮ ದೂರು ಮುಗಿಯಿತು. ಎರಡನೇ ಸಲವೂ ಹೀಗೇ ಆಯಿತು.

ಮೂರನೇ ಸಲ ನಾನು ಮನೆಯಲ್ಲಿದ್ದೆ. ಅವರು ಕೊಟ್ಟ ಜಾಬ್ ಶೀಟ್‌ನಲ್ಲಿ 'ಚೆಕ್ಡ್ ಓಕೆ' ಎಂದು ಬರೆದಿತ್ತು. ಫ್ರಿಜ್ ಒಳಗೆ ನಾನಿಟ್ಟಿದ್ದ ಥರ್ಮಾಮೀಟರ್ 14 ಡಿಗ್ರಿ ತೋರಿಸುತ್ತಿತ್ತು. ಅದರ ಫೋಟೋ ತೆಗೆದೆ, ಶೀಟಿನ ಮೇಲೆ 'ಕೂಲಿಂಗ್ ಆಗುತ್ತಿಲ್ಲ, ಒಳಗೆ 14 ಡಿಗ್ರಿ, ಇದು ಮೂರನೇ ಭೇಟಿ' ಎಂದು ನನ್ನ ಕೈಯಲ್ಲೇ ಬರೆದು, ಆಮೇಲೆ ಸಹಿ ಹಾಕಿದೆ. ಓಟಿಪಿ ಹೇಳಲಿಲ್ಲ. ಮುಂದೆ ನಮ್ಮ ಕೈ ಹಿಡಿದದ್ದು ಆ ಒಂದು ಸಾಲು.

ಅದಕ್ಕೇ ಮೊದಲ ಕೆಲಸ ಕಾಗದ ಕೂಡಿಸುವುದು. ಬಿಲ್, ವಾರಂಟಿ ಕಾರ್ಡ್, ಜಾಬ್ ಶೀಟ್, ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ಮೆಸೇಜ್‌ಗಳು. ಫೋನಿನಲ್ಲಿ ಜಗಳ ಆಡಿದ್ದು ಯಾವತ್ತೂ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಮಾತಾಡಿದ ಮೇಲೆ ಅದನ್ನೇ ನಾಲ್ಕು ಸಾಲಿನ ಮೇಲ್ ಮಾಡಿ: 'ಇವತ್ತು ನೀವು ಹೀಗೆ ಹೇಳಿದಿರಿ.' ಬಿಲ್ ಕೊಡದಿದ್ದರೆ ಕೇಳಿ ತಗೊಳ್ಳಿ. ಎಸ್.ಪಿ. ರೋಡ್‌ನಲ್ಲಿ 'ಬಿಲ್ ಬೇಕಾದ್ರೆ ಜಿಎಸ್‌ಟಿ ಜಾಸ್ತಿ ಆಗುತ್ತೆ' ಅಂದಾಗ ಆ ನಾಲ್ಕು ಕಾಸಿನ ಆಸೆಗೆ ಬಿಲ್ ಬಿಟ್ಟು ಬರಬೇಡಿ.

ಚಿಕ್ಕಪೇಟೆಯಲ್ಲೋ ಜಯನಗರದಲ್ಲೋ 'ಒಮ್ಮೆ ಮಾರಿದ ವಸ್ತು ವಾಪಸ್ ಇಲ್ಲ' ಎಂಬ ಬೋರ್ಡ್ ನೋಡಿ ಎಷ್ಟೋ ಜನ ಸುಮ್ಮನೆ ವಾಪಸ್ ಬರುತ್ತಾರೆ, ಅಲ್ವಾ? ದೋಷ ಇರುವ ವಸ್ತುವಿಗೆ ಆ ಬೋರ್ಡ್ ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದೇ ಇಲ್ಲದಿದ್ದರೆ 30 ದಿನದೊಳಗೆ, ದೋಷದ ವಸ್ತುವನ್ನು ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಮನೆಗೆ ಬಂದ ಮೇಲೆ ಸೀರೆಯ ಬಣ್ಣ ಇಷ್ಟ ಆಗಲಿಲ್ಲ ಅನ್ನುವುದು ದೋಷ ಅಲ್ಲ.

ಅಂಗಡಿಯವರು ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ, ಆದರೂ ಎಷ್ಟೋ ವಿಷಯ ಇಲ್ಲೇ ಬಗೆಹರಿಯುತ್ತದೆ. ಆನ್‌ಲೈನ್‌ನಲ್ಲಿ ಕೊಂಡದ್ದಾದರೆ ಆ ಸೈಟಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರು 48 ಗಂಟೆಯೊಳಗೆ ದೂರು ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದಕ್ಕೂ ಬಗ್ಗದಿದ್ದರೆ ನೋಟಿಸ್. ಇದಕ್ಕೆ ವಕೀಲರೇ ಬೇಕು ಅಂತೇನಿಲ್ಲ. ಬಿಳಿ ಹಾಳೆಯಲ್ಲಿ ಯಾವತ್ತು ಕೊಂಡದ್ದು, ಎಷ್ಟು ಕೊಟ್ಟದ್ದು, ಏನು ಕೆಟ್ಟದ್ದು, ಎಷ್ಟು ಸಲ ಬಂದು ಹೋದರು, ನಿಮಗೆ ಈಗ ಏನು ಬೇಕು, ಎಷ್ಟು ದಿನದೊಳಗೆ ಬೇಕು ಎಂದು ಬರೆದು ಅಂಗಡಿಗೂ ತಯಾರಕರಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಸಿಟ್ಟಿನ ಮಾತು ಬೇಡ, ತಾರೀಕು ಇರಲಿ ಸಾಕು. ನಾನು 15 ದಿನ ಕೊಟ್ಟಿದ್ದೆ, ಜೊತೆಗೆ ಆ ಜಾಬ್ ಶೀಟ್‌ನ ಜೆರಾಕ್ಸ್ ಇಟ್ಟಿದ್ದೆ. ಹನ್ನೆರಡನೇ ದಿನ ಫೋನ್ ಬಂತು, ಮುಂದಿನ ವಾರ ಬೇರೆ ಫ್ರಿಜ್ ಬಂತು.

ಎಲ್ಲರಿಗೂ ಅಷ್ಟು ಬೇಗ ಆಗುವುದಿಲ್ಲ. ಆಗ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಇದೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಇಲ್ಲೇ ದೂರು, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ತೊಂದರೆ ಶುರುವಾದ 2 ವರ್ಷದೊಳಗೆ ಹಾಕಬೇಕು. ಕಂಪನಿಯ ಮುಖ್ಯ ಕಚೇರಿ ದೆಹಲಿಯಲ್ಲಿದ್ದರೂ ಪರವಾಗಿಲ್ಲ, ನೀವು ವಾಸ ಇರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು, ಅಂದರೆ ಬೆಂಗಳೂರಿನಲ್ಲೇ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರಿನ ಜೊತೆ ಅಫಿಡವಿಟ್ (ಬರೆದದ್ದೆಲ್ಲ ನಿಜ ಎಂದು ಪ್ರಮಾಣ ಮಾಡಿದ ಪತ್ರ) ಮತ್ತು ನೀವು ಕೂಡಿಸಿಟ್ಟ ಕಾಗದಗಳು ಬೇಕು. ನಿಮ್ಮ ವಾದ ನೀವೇ ಮಂಡಿಸಬಹುದು.

ಒಂದು ಅನುಮಾನ ಬಹಳ ಜನರಿಗಿದೆ. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆ ಇಲ್ಲ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ ಇದೆ. ತಾನೇ ಓಡಿಸಲು ಆಟೋ ಕೊಂಡವರು, ಇಡ್ಲಿ ಗಾಡಿಗೆ ಗ್ರೈಂಡರ್ ಕೊಂಡವರು ಗ್ರಾಹಕರೇ. ಇವರಿಗೆ ಒಂದು ದಿನ ಯಂತ್ರ ನಿಂತರೆ ಆ ದಿನದ ಸಂಪಾದನೆಯೇ ಇಲ್ಲ. ಇಂಥವರು ಸುಮ್ನೆ ಇರಬಾರದು.

ದೂರಿನ ಕೊನೆಯಲ್ಲಿ ನಿಮಗೇನು ಬೇಕೋ ಬಿಡಿಸಿ ಬರೆಯಿರಿ: ದುರಸ್ತಿಯೋ, ಬದಲಿ ವಸ್ತುವೋ, ದುಡ್ಡು ವಾಪಸೋ, ಪರಿಹಾರ ಎಷ್ಟು, ಖರ್ಚು ಎಷ್ಟು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ವಸ್ತುವಿನ ಪರೀಕ್ಷೆ ಬೇಡವಾದರೆ 3 ತಿಂಗಳು, ಬೇಕಾದರೆ 5 ತಿಂಗಳೊಳಗೆ ತೀರ್ಮಾನಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಜಾಸ್ತಿ ಹಿಡಿಯಬಹುದು, ತಾಳ್ಮೆ ಇರಲಿ. ಆದೇಶ ಒಪ್ಪಿಗೆ ಆಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಗೆದ್ದರೂ ದುಡ್ಡು ಬರದಿದ್ದರೆ ಅದೇ ಆಯೋಗಕ್ಕೆ ಆದೇಶ ಜಾರಿಗೆ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.