ಸ್ಕ್ಲೀರೋಡರ್ಮಾ ಅಧ್ಯಯನದಲ್ಲಿ ಊದುವ ಟೆಸ್ಟ್: ಎಫ್‌ವಿಸಿ ಇಳಿದಿದೆ ಎನ್ನುವ ಮುನ್ನ

ರುಮಟಾಲಜಿಯಲ್ಲಿ ಪೋಸ್ಟ್‌ಡಾಕ್ ಆಗಿ ಸೇರಿದವರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಹಳೇ ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ) ಅಂಕಿಗಳ ಎಕ್ಸೆಲ್ ಹಾಳೆ. ಸ್ಕ್ಲೀರೋಡರ್ಮಾ ಎಂದರೆ ಚರ್ಮವೂ ಎಷ್ಟೋ ಸಲ ಶ್ವಾಸಕೋಶವೂ ಗಟ್ಟಿಯಾಗುವ ರೋಗ, ಅದಕ್ಕೇ ಈ ಅಳತೆ. ಗ್ರಾಫ್ ಹಾಕುವ ಮುಂಚೆ ಒಂದು ಲೆಕ್ಕ ನೋಡಿ. ಈ ರೋಗಿಗಳ ಮೇಲೆ ನಡೆದ 2019ರ ಸೆನ್ಸಿಸ್ ಟ್ರಯಲ್‌ನಲ್ಲಿ ನಿಂಟೆಡನಿಬ್ ಔಷಧ ತೆಗೆದುಕೊಂಡವರ ಎಫ್‌ವಿಸಿ ವರ್ಷಕ್ಕೆ 52.4 ಮಿ.ಲೀ. ಇಳಿಯಿತು, ಪ್ಲಸೀಬೊದವರದು 93.3 ಮಿ.ಲೀ. ಅಂತರ 41 ಮಿ.ಲೀ. ಅಷ್ಟೇ. ಒಬ್ಬರೇ ರೋಗಿ ಒಂದೇ ಬೆಳಿಗ್ಗೆ ಊದಿದ ಎರಡು ಅತ್ಯುತ್ತಮ ಅಂಕಿಗಳಲ್ಲಿ 150 ಮಿ.ಲೀ. ವ್ಯತ್ಯಾಸವಿದ್ದರೂ ಎಟಿಎಸ್-ಇಆರ್‌ಎಸ್ (ಅಮೆರಿಕ, ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು) ಮಾನದಂಡ ಒಪ್ಪುತ್ತದೆ. ಊದಿಸುವ ಕೆಲಸ ಸಡಿಲವಾದರೆ ಔಷಧದ ಪರಿಣಾಮ ಅದರಲ್ಲೇ ಮುಳುಗಿಹೋಗುತ್ತದೆ.

ಊದುವ ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು ಪ್ರತಿದಿನ ಬೆಳಿಗ್ಗೆ ಅದಕ್ಕೆ 3 ಲೀಟರ್ ಸಿರಿಂಜನ್ನು ನಿಧಾನ, ಮಧ್ಯಮ, ವೇಗ ಹೀಗೆ ಮೂರು ಬಗೆಯಲ್ಲಿ ತಳ್ಳಿ. ಮೂರೂ ಸಲ 2.91ರಿಂದ 3.09ರೊಳಗೆ ಬರಬೇಕು. ಸಿರಿಂಜ್ ಯಂತ್ರದ ಪಕ್ಕದಲ್ಲೇ ಇರಲಿ, ಎಸಿ ಕೋಣೆಯಿಂದ ತಂದು ತಕ್ಷಣ ತಳ್ಳಿದರೆ ಅಂಕಿ ತಪ್ಪುತ್ತದೆ.

ಇನ್ನು ಬಾಯಿ. ಸ್ಕ್ಲೀರೋಡರ್ಮಾದಲ್ಲಿ ತುಟಿಯ ಸುತ್ತಲ ಚರ್ಮ ಬಿಗಿದು ಬಾಯಿ ಕಿರಿದಾಗಿರುತ್ತದೆ. ದಪ್ಪನೆಯ ರಟ್ಟಿನ ಕೊಳವೆ ಕೊಟ್ಟರೆ ತುಟಿಯ ಮೂಲೆಯಿಂದ ಗಾಳಿ ಸೋರುತ್ತದೆ. ಮೂಲೆಯ ಹತ್ತಿರ ಬೆರಳಿಟ್ಟು ನೋಡಿ, ಗಾಳಿ ತಾಗಿದರೆ ಸಣ್ಣ ಕೊಳವೆ ಬಳಸಿ. ಯಾವ ಕೊಳವೆ ಎಂದು ಬರೆದಿಟ್ಟು ಮುಂದಿನ ಭೇಟಿಗೂ ಅದನ್ನೇ ಕೊಡಿ. ಇದನ್ನು ಬರೆದಿಡುವವರು ಕಡಿಮೆ, ಆಮೇಲೆ ಪರದಾಡುವವರು ಜಾಸ್ತಿ.

ಒಪ್ಪುವಂಥ ಮೂರು ಊದು ಸಿಗುವವರೆಗೆ, ಹೆಚ್ಚೆಂದರೆ ಎಂಟು ಸಲ, ಊದಿಸಿ. ಕೊನೆಯ ಒಂದು ಸೆಕೆಂಡಿನಲ್ಲಿ ಬದಲಾವಣೆ 25 ಮಿ.ಲೀ.ಗಿಂತ ಕಡಿಮೆಯಿದ್ದರೆ ಶ್ವಾಸ ಖಾಲಿಯಾಗಿದೆ ಎಂದರ್ಥ. ಗಟ್ಟಿಯಾದ ಶ್ವಾಸಕೋಶ ಬೇಗ ಖಾಲಿಯಾಗುವುದರಿಂದ, ಆರು ಸೆಕೆಂಡ್ ಊದಲಿಲ್ಲ ಎಂಬ ಕಾರಣಕ್ಕೆ ಒಳ್ಳೇ ಕರ್ವ್ ಬಿಸಾಡಬೇಡಿ.

ಡಿಎಲ್‌ಸಿಒಗೆ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಸಲೀಸಾಗಿ ದಾಟುತ್ತದೆ ಎಂಬ ಅಳತೆ) ಸುಮಾರು ಹತ್ತು ಸೆಕೆಂಡ್ ಉಸಿರು ಹಿಡಿಸಬೇಕು, ಎರಡು ಪ್ರಯತ್ನಗಳ ನಡುವೆ ಕನಿಷ್ಠ ನಾಲ್ಕು ನಿಮಿಷ ಬಿಡಬೇಕು. ಹಿಮೋಗ್ಲೋಬಿನ್ ಅದೇ ದಿನದ್ದಾಗಿರಲಿ. ಈ ರೋಗಿಗಳಿಗೆ ಹೊಟ್ಟೆಯೊಳಗೆ ಗೊತ್ತಾಗದಂತೆ ರಕ್ತ ಸೋರುವುದುಂಟು. ಹಿಮೋಗ್ಲೋಬಿನ್ 12ರಿಂದ 9ಕ್ಕೆ ಇಳಿದರೆ ಶ್ವಾಸಕೋಶ ಹಾಗೇ ಇದ್ದರೂ ಡಿಎಲ್‌ಸಿಒ ಬೀಳುತ್ತದೆ. ಹಿಮೋಗ್ಲೋಬಿನ್‌ಗೆ ತಕ್ಕಂತೆ ಅಂಕಿ ತಿದ್ದಿದ ನಂತರವೂ ಡಿಎಲ್‌ಸಿಒ ಮಾತ್ರ ಬೀಳುತ್ತ ಎಫ್‌ವಿಸಿ ನಿಂತಲ್ಲೇ ನಿಂತಿದ್ದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿರಬಹುದು. ಎಫ್‌ವಿಸಿ ಶೇಕಡಾವನ್ನು (ಆರೋಗ್ಯವಂತರಲ್ಲಿ ನಿರೀಕ್ಷಿಸುವ ಅಂಕಿಯ ಶೇಕಡಾ ಎಷ್ಟು ಎಂಬುದು) ಡಿಎಲ್‌ಸಿಒ ಶೇಕಡಾದಿಂದ ಭಾಗಿಸಿ. 1.6 ದಾಟಿದರೆ ನೋಡಿಕೊಳ್ಳುವ ವೈದ್ಯರಿಗೆ ಅಂದೇ ಹೇಳಿ, ಎಕೋ ಮಾಡಿಸಲಿ.

ಆಕ್ಸಿಜನ್ ಮಟ್ಟಕ್ಕೆ ಬೆರಳಿನ ಕ್ಲಿಪ್ ಬೇಡ. ರೇನಾಡ್ಸ್‌ನಿಂದ (ಬೆರಳಿನ ರಕ್ತನಾಳ ಬಿಗಿದುಕೊಳ್ಳುವ ತೊಂದರೆ) ತಣ್ಣಗಾದ ಬೆರಳಲ್ಲಿ ಅದು ಸುಮ್ಮನೆ 84 ಎಂದು ತೋರಿಸಿಬಿಡಬಹುದು. ಹಣೆಗೆ ಅಂಟಿಸುವ ಸೆನ್ಸರ್ ವಾಸಿ. ಸಿಟಿ ಸ್ಕ್ಯಾನನ್ನು ಬೋರಲು ಮಲಗಿಸಿಯೂ ತೆಗೆಸಿ: ಅಂಗಾತ ಮಲಗಿದಾಗ ಬೆನ್ನ ಕಡೆ ಕಾಣುವ ಮಸುಕು ಬರೀ ಭಾರದ್ದಾಗಿದ್ದರೆ, ಬೋರಲಲ್ಲಿ ಮಾಯವಾಗುತ್ತದೆ.

ಹಾಳೆಯಲ್ಲಿ ಲೀಟರ್ ಅಂಕಿಯನ್ನೇ ತುಂಬಿ, ಶೇಕಡಾವನ್ನು ಆಮೇಲೆ ಒಂದೇ ಸೂತ್ರದಿಂದ ತೆಗೆಯಿರಿ. ನಡುವೆ ಯಾರೋ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಶೇಕಡಾ ಲೆಕ್ಕಕ್ಕೆ ಬಳಸುವ ಜಿಎಲ್‌ಐ ಸೂತ್ರಗಳಲ್ಲಿ 2012ರ ಬದಲು 2022ರದನ್ನು ಕೂರಿಸಿದರೆ, ಎಲ್ಲ ರೋಗಿಗಳ ಶೇಕಡಾವೂ ಒಟ್ಟಿಗೇ ಬದಲಾಗುತ್ತದೆ.

ಒಂದು ವರ್ಷದಲ್ಲಿ ಎಫ್‌ವಿಸಿ ಶೇಕಡಾ 5 ಅಂಶ ಇಳಿಯುವುದು ಶ್ವಾಸಕೋಶದ ಗಾಯ ಹೆಚ್ಚುತ್ತಿದೆ ಎಂದು ಹೇಳಲು 2022ರ ಮಾರ್ಗಸೂಚಿ ನೋಡುವ ಮೂರು ಲಕ್ಷಣಗಳಲ್ಲೊಂದರ ಭಾಗ, ಅಷ್ಟೇ. ಮೂರರಲ್ಲಿ ಎರಡು ಇರಬೇಕು. ಅಂದರೆ ಜೊತೆಗೆ ಉಸಿರಾಟದ ತೊಂದರೆ ಹೆಚ್ಚಿರಬೇಕು, ಇಲ್ಲವೇ ಸಿಟಿಯಲ್ಲಿ ಹೊಸ ಗಾಯದ ಗೆರೆಗಳಿರಬೇಕು. ಎರಡೂ ಇಲ್ಲದಿದ್ದರೆ ರೋಗಿಯನ್ನು ಕೆಲವು ವಾರಗಳಲ್ಲಿ ಮತ್ತೆ ಕರೆಸಿ, ಅದೇ ಯಂತ್ರ, ಅದೇ ಕೊಳವೆಯಲ್ಲಿ ಊದಿಸಿ.